ಗಣಿಯ ಪುಸ್ತಕದಲ್ಲಿ ಒಂದು ಹೆಸರು: ಝರಿಯಾ–ರಾಣಿಗಂಜ್ ಕಲ್ಲಿದ್ದಲು ಕಾರ್ಮಿಕರ ಸಂಘಟನೆಯ ಚರಿತ್ರೆ

ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲು ಸಿಗುವುದಿಲ್ಲ. ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ವಿದ್ಯುತ್ ಉತ್ಪಾದಿಸುತ್ತಿರುವ ಉಷ್ಣ ಸ್ಥಾವರಕ್ಕೆ ಬೇಕಾದ ಇದ್ದಲು ತೆಲಂಗಾಣದ ಸಿಂಗರೇಣಿಯಿಂದಲೋ ಒಡಿಶಾದ ಗಣಿಗಳಿಂದಲೋ ರೈಲಿನಲ್ಲಿ ಬರಬೇಕು. ಹಾಗಾಗಿ ಗಣಿ ಕಾರ್ಮಿಕ ಎಂದೊಡನೆ ಕನ್ನಡಿಗರ ಕಣ್ಣಮುಂದೆ ಬರುವುದು ಕೋಲಾರದ ಚಿನ್ನದ ಗಣಿಯೇ ಹೊರತು ಕಲ್ಲಿದ್ದಲಿನ ಗಣಿಯಲ್ಲ. ಆದರೆ ಈ ದೇಶದ ರೈಲು, ಉಕ್ಕು, ಹತ್ತಿ ಗಿರಣಿ, ವಿದ್ಯುತ್ತು ಇವೆಲ್ಲವೂ ನಿಂತದ್ದು ದಾಮೋದರ ನದಿಯ ಕಣಿವೆಯಲ್ಲಿ, ಇಂದಿನ ಪಶ್ಚಿಮ ಬಂಗಾಳದ ರಾಣಿಗಂಜ್ ಮತ್ತು ಜಾರ್ಖಂಡಿನ ಝರಿಯಾ ಪ್ರದೇಶಗಳಲ್ಲಿ, ನೆಲದಡಿಗೆ ಇಳಿದ ಜನರ ದುಡಿಮೆಯ ಮೇಲೆ. ಆ ಜನರ ಸಂಘಟನೆಯ ಕಥೆಯನ್ನು ಕೂಲಿ ಮತ್ತು ಮುಷ್ಕರಗಳ ಕಥೆಯೆಂದು ಓದುವುದು ರೂಢಿ. ಅದು ಸುಳ್ಳಲ್ಲ. ಆದರೆ ಅದರ ಒಳಗೆ ಇನ್ನೊಂದು ಎಳೆ ಮೊದಲಿನಿಂದ ಕೊನೆಯವರೆಗೂ ಹರಿದಿದೆ. ತಾನು ದುಡಿಯುವ ಗಣಿಯ ಹಾಜರಿ ಪುಸ್ತಕದಲ್ಲಿ ತನ್ನ ಸ್ವಂತ ಹೆಸರು ಇರಬೇಕು, ಮಧ್ಯದಲ್ಲಿ ನಿಂತ ಮತ್ತೊಬ್ಬನ ಹೆಸರಲ್ಲ ಎಂಬುದೇ ಆ ಎಳೆ. ಇದನ್ನು ಹಿಡಿದುಕೊಂಡರೆ ಗೋಜಲಾಗಿ ಕಾಣುವ ಈ ಚರಿತ್ರೆಯ ಬಹುಭಾಗ ಬಿಡಿಸಿಕೊಳ್ಳುತ್ತದೆ.

ರಾಣಿಗಂಜ್‌ನಲ್ಲಿ ಕಲ್ಲಿದ್ದಲು ತೋಡುವ ಕೆಲಸ 1774ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಇಬ್ಬರು ನೌಕರರ ಪ್ರಯತ್ನವಾಗಿ ಆರಂಭವಾಯಿತು. ಮುಂದಿನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅದು ಅಲ್ಲೊಂದು ಇಲ್ಲೊಂದು ಗುಂಡಿಯ ವ್ಯವಹಾರವಾಗಿಯೇ ಉಳಿದಿತ್ತು. 1830ರ ದಶಕದಲ್ಲಿ ದ್ವಾರಕಾನಾಥ ಟಾಗೋರರು ಪಾಲುದಾರರಾಗಿದ್ದ ಕಾರ್, ಟಾಗೋರ್ ಕಂಪನಿ ರಾಣಿಗಂಜಿನ ಗಣಿಯನ್ನು ಕೊಂಡಿತು. 1843ರಲ್ಲಿ ಬೆಂಗಾಲ್ ಕೋಲ್ ಕಂಪನಿ ಹುಟ್ಟಿತು. ನಿಜವಾದ ತಿರುವು ಕೊಟ್ಟದ್ದು ರೈಲು. 1855ರಲ್ಲಿ ಹೌರಾದಿಂದ ರಾಣಿಗಂಜಿನವರೆಗೆ ಹಳಿ ಬಿದ್ದಾಗ ಇದ್ದಲನ್ನು ಸಾಗಿಸುವ ದಾರಿ ತೆರೆಯಿತು, ಹಾಗೆಯೇ ಇದ್ದಲನ್ನು ಉರಿಸುವ ಅತಿ ದೊಡ್ಡ ಗಿರಾಕಿಯೂ ಅದೇ ಆಯಿತು. 1890ರ ದಶಕದಲ್ಲಿ ಹಳಿ ಝರಿಯಾ ತಲುಪಿತು. ಉಕ್ಕಿನ ಕುಲುಮೆಗೆ ಬೇಕಾದ ಕೋಕ್ ಮಾಡಲು ಯೋಗ್ಯವಾದ ಇದ್ದಲು ಅಲ್ಲಿತ್ತು. 1900ರಲ್ಲಿ ದೇಶದ ಒಟ್ಟು ಉತ್ಪಾದನೆ ಸುಮಾರು 60 ಲಕ್ಷ ಟನ್ ಇದ್ದದ್ದು 1920ರ ಹೊತ್ತಿಗೆ ಸುಮಾರು 1.8 ಕೋಟಿ ಟನ್ನಿಗೆ ಏರಿತ್ತು.

ಇಷ್ಟು ಇದ್ದಲನ್ನು ತೋಡಿದವರು ಸಾಂತಾಲರು, ಬಾವುರಿಗಳು, ಭುಯಿಯಾಗಳು ಮೊದಲಾದ ಆದಿವಾಸಿ ಮತ್ತು ದಲಿತ ಸಮುದಾಯಗಳ ಜನ. ಆಮೇಲೆ ಇಂದಿನ ಛತ್ತೀಸಗಡದ ಬಿಲಾಸ್‌ಪುರದಿಂದಲೂ ಬಿಹಾರದ ಬೇರೆ ಜಿಲ್ಲೆಗಳಿಂದಲೂ ಬಂದವರು ಸೇರಿಕೊಂಡರು. ಅವರನ್ನು ಗಣಿಗೆ ತಂದ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಮುಂದಿನದೆಲ್ಲ ಅದರಿಂದಲೇ ಹುಟ್ಟಿತು. ಮೊದಲ ದಾರಿ ಜಮೀನು. ಕೆಲವು ಕಂಪನಿಗಳು ಗಣಿಯ ಸುತ್ತಲಿನ ಹಳ್ಳಿಗಳ ಜಮೀನ್ದಾರಿ ಹಕ್ಕನ್ನೇ ಕೊಂಡು, ಗಣಿಯಲ್ಲಿ ದುಡಿಯುವುದಾದರೆ ಮಾತ್ರ ಉಳುವುದಕ್ಕೆ ತುಂಡು ಭೂಮಿ ಎಂಬ ಷರತ್ತಿನ ಮೇಲೆ ಸಾಂತಾಲ ಕುಟುಂಬಗಳನ್ನು ನೆಲೆಗೊಳಿಸಿದವು. ಗಣಿ ಬಿಟ್ಟರೆ ಗದ್ದೆಯೂ ಹೋಯಿತು. ಎರಡನೆಯ ದಾರಿ ಗುತ್ತಿಗೆ. ಗಣಿಯ ಒಡೆತನ ಕಲ್ಕತ್ತೆಯ ಮ್ಯಾನೇಜಿಂಗ್ ಏಜೆನ್ಸಿಯ, ಎಂದರೆ ಹಲವು ಕಂಪನಿಗಳ ಆಡಳಿತ ನಡೆಸುವ ಸಂಸ್ಥೆಯ ಕೈಯಲ್ಲಿ. ಇದ್ದಲನ್ನು ತೋಡಿ ಮೇಲಕ್ಕೆ ತರುವ ಹೊಣೆ ಟನ್ನಿಗೆ ಇಷ್ಟು ಎಂಬ ಲೆಕ್ಕದಲ್ಲಿ ‘ರೇಜಿಂಗ್ ಕಂಟ್ರಾಕ್ಟರ್’ ಎಂಬ ಗುತ್ತಿಗೆದಾರನದು. ಗುತ್ತಿಗೆದಾರನ ಕೆಳಗೆ ಹಳ್ಳಿಹಳ್ಳಿಗೆ ಹೋಗಿ ಮುಂಗಡ ಕೊಟ್ಟು ಆಳು ತರುವ ಸರ್ದಾರ. ಎಲ್ಲರಿಗಿಂತ ಕೆಳಗೆ ಇದ್ದಲನ್ನು ಕಡಿಯುವ ‘ಮಾಲ್‌ಕಟ್ಟಾ’ ಮತ್ತು ಅದನ್ನು ಬುಟ್ಟಿಯಲ್ಲಿ ಹೊರುವ ‘ಕಾಮಿನ್’, ಎಂದರೆ ಹೆಣ್ಣಾಳು.

ಈ ಏಣಿಯಲ್ಲಿ ಕಂಪನಿಗೂ ಕಾರ್ಮಿಕನಿಗೂ ನೇರ ಸಂಬಂಧವೇ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಗುತ್ತಿಗೆದಾರನ ಲೆಕ್ಕದಲ್ಲಿ ಕಾರ್ಮಿಕನೆಂದರೆ ಇಂಥ ಸರ್ದಾರನ ಗುಂಪಿನ ಒಬ್ಬ ಆಳು, ಅಷ್ಟೇ. ಕೂಲಿಯನ್ನು ದಿನದ ಮೇಲೆ ಕೊಡುತ್ತಿರಲಿಲ್ಲ, ಟಬ್ಬಿನ ಮೇಲೆ ಕೊಡುತ್ತಿದ್ದರು. ಟಬ್ಬು ಎಂದರೆ ನೆಲದಡಿಯ ಸಣ್ಣ ಹಳಿಯ ಮೇಲೆ ಉರುಳುವ ಕಬ್ಬಿಣದ ತೊಟ್ಟಿಬಂಡಿ. ಅದನ್ನು ತುಂಬಿದಷ್ಟು ಕೂಲಿ. ಖಾಲಿ ಟಬ್ಬು ಬರುವುದು ತಡವಾದರೆ ಕಾಯುವ ಹೊತ್ತಿಗೆ ಕೂಲಿಯಿಲ್ಲ; ಟಬ್ಬು ಪೂರ್ತಿ ತುಂಬಿಲ್ಲವೆಂದೋ ಕಲ್ಲು ಬೆರೆತಿದೆಯೆಂದೋ ಮೇಲೆ ನಿಂತ ಗುಮಾಸ್ತ ಬರೆದುಕೊಂಡರೆ ಅದಕ್ಕೂ ಕಡಿತ. ಕೈಗೆ ಬಂದದ್ದರಲ್ಲಿ ದಸ್ತೂರಿ ಎಂಬ ಸರ್ದಾರನ ಪಾಲು, ಮುಂಗಡದ ಕಂತು, ಸಾಹುಕಾರನ ಬಡ್ಡಿ ಕಳೆದು ಉಳಿದದ್ದು ಮನೆಗೆ. ಮನೆಯೆಂದರೆ ‘ಧೌರಾ’ ಎನ್ನುವ ಸಾಲುಗೂಡು, ಗಾಳಿಗೆ ದಾರಿಯಿಲ್ಲದ ಒಂದೇ ಕೋಣೆ.

ಕೆಲಸದ ಸ್ವರೂಪವೂ ಸಂಘಟನೆಗೆ ಅನುಕೂಲವಾಗಿರಲಿಲ್ಲ. ಈ ಗಣಿಗಳಲ್ಲಿ ಬಳಕೆಯಲ್ಲಿದ್ದದ್ದು ಕಂಬ ಬಿಟ್ಟು ತೋಡುವ ವಿಧಾನ. ಇದ್ದಲಿನ ಪದರದೊಳಗೆ ಅಡ್ಡ ಉದ್ದ ಸುರಂಗಗಳನ್ನು ಕೊರೆಯುತ್ತಾ ಹೋಗಿ, ನಡುನಡುವೆ ಇದ್ದಲಿನದೇ ದಪ್ಪ ಕಂಬಗಳನ್ನು ಸೂರಿನ ಭಾರ ಹೊರಲು ಹಾಗೇ ಬಿಡುತ್ತಾರೆ. ಪದರದ ಕೊನೆ ಮುಟ್ಟಿದ ಮೇಲೆ ಹಿಂದಕ್ಕೆ ಬರುತ್ತಾ ಆ ಕಂಬಗಳನ್ನೂ ಒಂದೊಂದಾಗಿ ಕಡಿದು ತೆಗೆಯುತ್ತಾರೆ. ಕಂಬ ಹೋದ ಜಾಗದಲ್ಲಿ ಸೂರು ತಾನಾಗಿ ಕುಸಿಯುತ್ತದೆ. ಇದನ್ನು ‘ಡಿಪಿಲ್ಲರಿಂಗ್’ ಎನ್ನುತ್ತಾರೆ. ಗಣಿಯ ಅತ್ಯಂತ ಅಪಾಯದ ಕೆಲಸಗಳಲ್ಲಿ ಇದೂ ಒಂದು. ಬಟ್ಟೆ ಗಿರಣಿಯಲ್ಲಿ ನೂರಾರು ಜನ ಒಂದೇ ಸೂರಿನಡಿ ಪರಸ್ಪರ ಕಾಣುವಂತೆ ನಿಲ್ಲುತ್ತಾರೆ. ಗಣಿಯಲ್ಲಿ ಹಾಗಲ್ಲ, ಇಬ್ಬರು ಮೂವರ ಗುಂಪು ಒಂದೊಂದು ಗೂಡಿನಲ್ಲಿ, ಕತ್ತಲಲ್ಲಿ, ಪಕ್ಕದ ಗೂಡಿನವರ ಮುಖವನ್ನೂ ನೋಡದೆ ದುಡಿಯುತ್ತಿತ್ತು. ಜೊತೆಗೆ ಬಿತ್ತನೆಗೆ ಒಮ್ಮೆ, ಕೊಯ್ಲಿಗೆ ಒಮ್ಮೆ ಕಾರ್ಮಿಕರು ಊರಿಗೆ ಹೋಗಿಬಿಡುತ್ತಿದ್ದರು.

ಇದನ್ನು ಕಂಡು ಮಾಲೀಕರು ಮಾತ್ರವಲ್ಲ, ಹಳೆಯ ಕಾರ್ಮಿಕ ನಾಯಕರಲ್ಲೂ ಕೆಲವರು, ಇವರು ಇನ್ನೂ ರೈತರು, ಪೂರ್ತಿ ಕಾರ್ಮಿಕರಾಗಿಲ್ಲ, ಆದ್ದರಿಂದ ಸಂಘ ಕಟ್ಟುವುದು ಕಷ್ಟ ಎಂದು ತೀರ್ಮಾನಿಸಿದರು. ಈ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಯಾವ ಪುಸ್ತಕದಲ್ಲೂ ಹೆಸರಿಲ್ಲದವನು ಯಾರ ವಿರುದ್ಧ ಮುಷ್ಕರ ಹೂಡಬೇಕು? ಅವನಿಗೆ ಕೆಲಸ ಕೊಟ್ಟವನು ಸರ್ದಾರ, ಸರ್ದಾರನಿಗೆ ಕೊಟ್ಟವನು ಗುತ್ತಿಗೆದಾರ, ಕಂಪನಿಯೋ ಕಲ್ಕತ್ತೆಯಲ್ಲಿದೆ. ಗಣಿಯನ್ನು ಬಿಟ್ಟು ಎದ್ದು ಹೋಗುವುದೊಂದೇ ಅವನ ಕೈಯಲ್ಲಿದ್ದ ಪ್ರತಿಭಟನೆ, ಅದನ್ನು ಅವನು ಚೆನ್ನಾಗಿಯೇ ಬಳಸಿದ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮಾಲೀಕರು ಪದೇಪದೇ ತೋಡಿಕೊಂಡ ಅಹವಾಲು ‘ಆಳು ನಿಲ್ಲುವುದಿಲ್ಲ’ ಎಂಬುದೇ ಆಗಿತ್ತು.

1920ರ ಅಕ್ಟೋಬರ್ 31ರಂದು ಮುಂಬೈಯಲ್ಲಿ ಲಾಲಾ ಲಜಪತರಾಯರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್, ಅಂದರೆ ಎಐಟಿಯುಸಿ, ಸ್ಥಾಪನೆಯಾಯಿತು. ಅದರ ಎರಡನೆಯ ಅಧಿವೇಶನ ಮರುವರ್ಷ ನಡೆದದ್ದು ಮುಂಬೈ, ಕಲ್ಕತ್ತೆ, ಮದ್ರಾಸುಗಳಲ್ಲಿ ಅಲ್ಲ, ಝರಿಯಾದಲ್ಲಿ. ಸ್ವಾಮಿ ವಿಶ್ವಾನಂದ ಎಂಬ ಸಂನ್ಯಾಸಿ ಅಷ್ಟರಲ್ಲಿ ಅಲ್ಲಿನ ಗಣಿಗಳ ನಡುವೆ ಸುತ್ತಾಡಿ ಕೂಲಿ, ಕುಡಿತ, ಸಾಲ ಇವುಗಳ ಬಗ್ಗೆ ಮಾತಾಡುತ್ತಾ ಕಾರ್ಮಿಕರನ್ನು ಒಟ್ಟುಗೂಡಿಸಿದ್ದರು. ಕಾವಿಯುಟ್ಟವರ ಮಾತನ್ನು ಕೇಳಲು ಸೇರಿದ ಜನರನ್ನು ಚದುರಿಸುವುದು ಸರ್ದಾರನಿಗೂ ಸುಲಭವಿರಲಿಲ್ಲ. ಜೋಸೆಫ್ ಬಾಪ್ಟಿಸ್ಟಾ ಅಧ್ಯಕ್ಷತೆಯ ಆ ಅಧಿವೇಶನಕ್ಕೆ ಸಾವಿರಾರು ಗಣಿ ಕಾರ್ಮಿಕರು ಬಂದರು. ಕೂಲಿಯ ಬೇಡಿಕೆಗಳ ಜೊತೆಗೆ ಸ್ವರಾಜ್ಯದ ನಿರ್ಣಯವೂ ಅಲ್ಲಿ ಅಂಗೀಕಾರವಾಯಿತು. ಏಳು ವರ್ಷಗಳ ನಂತರ, 1928ರಲ್ಲಿ, ಎಐಟಿಯುಸಿ ಮತ್ತೆ ಝರಿಯಾಕ್ಕೇ ಬಂತು. ಆ ನಡುವೆ 1926ರ ಟ್ರೇಡ್ ಯೂನಿಯನ್ ಕಾಯಿದೆ ಸಂಘಗಳಿಗೆ ನೋಂದಣಿಯನ್ನೂ, ಮುಷ್ಕರ ಮಾಡಿಸಿದ್ದಕ್ಕಾಗಿ ನಾಯಕರ ಮೇಲೆ ನಷ್ಟ ಪರಿಹಾರದ ದಾವೆ ಹೂಡದಂತೆ ರಕ್ಷಣೆಯನ್ನೂ ಕೊಟ್ಟಿತ್ತು. ಆದರೆ ಕಾಯಿದೆ ಮಾಲೀಕನ ಮೇಲೆ ಸಂಘವನ್ನು ಮಾನ್ಯಮಾಡುವ ಹೊಣೆ ಹೊರಿಸಲಿಲ್ಲ. ನೋಂದಣಿ ಒಂದು, ಮಾನ್ಯತೆ ಇನ್ನೊಂದು. ನೋಂದಣಿಯಾದ ಸಂಘ ಕಾನೂನಿನ ಕಣ್ಣಿಗೆ ಇದೆ. ಮಾನ್ಯತೆ ಪಡೆದ ಸಂಘದೊಡನೆ ಮಾತ್ರ ಮಾಲೀಕ ಮೇಜಿನ ಮುಂದೆ ಕೂರುತ್ತಾನೆ. ಭಾರತದ ಕಾರ್ಮಿಕ ಚಳವಳಿಯ ಬಹಳಷ್ಟು ಒಡಕಿಗೆ ಈ ಅಂತರವೇ ಕಾರಣವಾಯಿತು.

ಇದೇ ಕಾಲದಲ್ಲಿ ಗಣಿಯೊಳಗಿನ ಹೆಂಗಸರ ಪ್ರಶ್ನೆ ಎದ್ದಿತು. 1920ರ ದಶಕದ ಆರಂಭದಲ್ಲಿ ಈ ಗಣಿಗಳ ದುಡಿಮೆಯಲ್ಲಿ ಸುಮಾರು ಮೂರನೆಯ ಒಂದು ಪಾಲು ಹೆಂಗಸರದು. ಗಂಡ ಕಡಿದದ್ದನ್ನು ಹೆಂಡತಿ ಹೊತ್ತು ಟಬ್ಬಿಗೆ ಸುರಿಯುವುದು ವಾಡಿಕೆ. ಟಬ್ಬಿನ ಕೂಲಿ ಇಬ್ಬರದೂ ಸೇರಿ ಬರುತ್ತಿತ್ತು. 1929ರ ನಿಯಮ ಹೆಂಗಸರನ್ನು ನೆಲದಡಿಯ ಕೆಲಸದಿಂದ ಹತ್ತು ವರ್ಷಗಳಲ್ಲಿ ಹಂತಹಂತವಾಗಿ ಹೊರಗಿಡಬೇಕೆಂದಿತು, 1937ಕ್ಕೇ ನಿಷೇಧ ಪೂರ್ತಿಯಾಯಿತು. ಕತ್ತಲ ಬಿಲದಿಂದ ಹೆಂಗಸರನ್ನು ಬಿಡಿಸಿದ್ದು ದೊಡ್ಡ ಸುಧಾರಣೆಯೇ. ಆದರೆ ಹೊರಬಂದವರಿಗೆ ಮೇಲೆ ಅಷ್ಟೇ ಕೂಲಿಯ ಬೇರೆ ಕೆಲಸವನ್ನು ಯಾರೂ ಕಟ್ಟಿಕೊಡಲಿಲ್ಲ. ಆ ಸುಧಾರಣೆಗೆ ಎಷ್ಟು ಬೆಲೆಯಿತ್ತು ಎಂಬುದನ್ನು ಯುದ್ಧ ತೋರಿಸಿತು. 1943ರಲ್ಲಿ ಇದ್ದಲಿಗೆ ಬರ ಬಂದಾಗ ಸರ್ಕಾರ ನಿಷೇಧವನ್ನು ಎತ್ತಿ ಹೆಂಗಸರನ್ನು ಮತ್ತೆ ಕೆಳಗಿಳಿಸಿತು. ಯುದ್ಧ ಮುಗಿದ ಮೇಲೆ, 1946ರ ಫೆಬ್ರವರಿಯಲ್ಲಿ, ಮತ್ತೆ ಹೊರಗೆ ಕಳಿಸಿತು. ಎರಡು ಸಲವೂ ಅವರನ್ನು ಯಾರೂ ಕೇಳಲಿಲ್ಲ. ಸಂಘಗಳ ನಾಯಕತ್ವ ಗಂಡಸರದೇ ಆಗಿತ್ತು.

ಯುದ್ಧಕಾಲ ಇನ್ನೊಂದು ಪದ್ಧತಿಯನ್ನೂ ತಂದಿತು. ಗೋರಖಪುರದ ಕಡೆಯಿಂದ ಗಂಡಸರನ್ನು ಒಪ್ಪಂದದ ಮೇಲೆ ಕರೆತಂದು, ಗಣಿಯ ಬಳಿ ಕಾವಲಿರುವ ಶಿಬಿರಗಳಲ್ಲಿ ಇರಿಸಿ, ಅವಧಿ ಮುಗಿದ ಮೇಲೆ ವಾಪಸು ಕಳಿಸುತ್ತಿದ್ದರು. ಶಿಬಿರದೊಳಗೆ ಸಂಘದವರಿಗೆ ಪ್ರವೇಶ ಸಿಗುವುದು ದುಸ್ತರವಾಗಿತ್ತು. ಸ್ವಾತಂತ್ರ್ಯ ಬಂದ ಮೇಲೂ ಈ ಪದ್ಧತಿ ವರ್ಷಗಟ್ಟಲೆ ನಡೆಯಿತು.

1947ರ ರಾಜಿ ಮಂಡಳಿಯ ತೀರ್ಪು ಕೂಲಿಯನ್ನು ಗಣನೀಯವಾಗಿ ಹೆಚ್ಚಿಸಿತು. ಆದರೆ ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಆಳವಾದ ಬದಲಾವಣೆ ಮರುವರ್ಷ, 1948ರ ಕಲ್ಲಿದ್ದಲು ಗಣಿ ಪ್ರಾವಿಡೆಂಟ್ ಫಂಡ್ ಕಾಯಿದೆಯಿಂದ ಬಂತು. ಭವಿಷ್ಯನಿಧಿ ಎಂದರೆ ಮುಪ್ಪಿನ ದುಡ್ಡು ಎಂದಷ್ಟೇ ನಾವು ತಿಳಿಯುತ್ತೇವೆ. ಗಣಿಯಲ್ಲಿ ಅದರ ಅರ್ಥ ಬೇರೆಯೇ ಇತ್ತು. ನಿಧಿಗೆ ಕಂತು ಕಟ್ಟಬೇಕಾದರೆ ಪ್ರತಿ ಕಾರ್ಮಿಕನ ಹೆಸರಿನಲ್ಲಿ ಒಂದು ಖಾತೆ, ಒಂದು ಸಂಖ್ಯೆ ಬೇಕು. ಅವನು ಎಷ್ಟು ದಿನ ಬಂದ ಎಂಬ ದಾಖಲೆ ಬೇಕು. ಸರ್ದಾರನ ಗುಂಪಿನಲ್ಲಿ ಕರಗಿಹೋಗಿದ್ದ ಮನುಷ್ಯನನ್ನು ಆ ಲೆಕ್ಕ ಹೊರಗೆಳೆದು ಒಬ್ಬನನ್ನಾಗಿ ನಿಲ್ಲಿಸಿತು. ಆದ್ದರಿಂದಲೇ ಎಷ್ಟೋ ಮಾಲೀಕರು ಕಂತು ಕಟ್ಟದೆ, ಅರ್ಧಕ್ಕರ್ಧ ಜನರನ್ನು ಪುಸ್ತಕಕ್ಕೆ ಸೇರಿಸದೆ ತಪ್ಪಿಸಿಕೊಳ್ಳುತ್ತಿದ್ದರು. ಒಂದು ಗಣಿಗೆ ಸಂಘ ಬಂದಿದೆ ಎಂಬುದರ ಮೊದಲ ಗುರುತು ಬಹಳ ಸಲ ಹಾಜರಿ ಪುಸ್ತಕದಲ್ಲಿ ಹೆಸರುಗಳು ಹೆಚ್ಚುವುದಾಗಿತ್ತು.

ಹೆಸರು ಬರೆಸಿಕೊಳ್ಳುವುದು ಯಾವಾಗಲೂ ಕಾರ್ಮಿಕನಿಗೆ ಅನುಕೂಲವೆಂದು ಮಾತ್ರ ತಿಳಿಯಬಾರದು. ಆ ಪುಸ್ತಕ ಯಾರ ಕೈಯಲ್ಲಿದೆ ಎಂಬುದೇ ಮುಖ್ಯ. ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿ 1930ರಲ್ಲಿ ಕಾರ್ಮಿಕರೆಲ್ಲರ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮವನ್ನು ಕಂಪನಿಗಳು ತಂದಾಗ, ಸಾವಿರಾರು ಜನ ಸುಮಾರು ಮೂರು ವಾರ ಕೆಲಸ ನಿಲ್ಲಿಸಿದರು. ಆ ನೋಂದಣಿ ಹಕ್ಕನ್ನು ಕೊಡುವುದಕ್ಕಲ್ಲ, ಬೇಡವಾದವನನ್ನು ಎಲ್ಲ ಗಣಿಗಳಿಂದಲೂ ಒಟ್ಟಿಗೆ ಹೊರಗಿಡುವುದಕ್ಕೆ ಎಂಬುದು ಅವರಿಗೆ ಅರ್ಥವಾಗಿತ್ತು. ಝರಿಯಾದವರು ಹೆಸರಿಗಾಗಿ ಹೋರಾಡಿದ್ದು, ಕೋಲಾರದವರು ಬೆರಳಚ್ಚಿನ ವಿರುದ್ಧ ಹೋರಾಡಿದ್ದು, ಎರಡೂ ಒಂದೇ ತಿಳಿವಳಿಕೆಯಿಂದ ಬಂದವು.

ಸ್ವತಂತ್ರ ಭಾರತದ ಮೊದಲ ಕಾಲು ಶತಮಾನ ಕಲ್ಲಿದ್ದಲು ಬಹುಮಟ್ಟಿಗೆ ಖಾಸಗಿಯವರ ಕೈಯಲ್ಲಿಯೇ ಇತ್ತು. ನೂರಾರು ಸಣ್ಣ ಗಣಿಗಳು; ಒಳ್ಳೆಯ ಪದರವನ್ನು ಬೇಗ ಕಿತ್ತು, ಖಾಲಿ ಜಾಗಕ್ಕೆ ಮರಳು ತುಂಬದೆ ಬಿಟ್ಟುಹೋಗುವ ತೋಡಾಟ. ಝರಿಯಾದಲ್ಲಿ 1916ರಲ್ಲಿ ಕಾಣಿಸಿಕೊಂಡ ನೆಲದಡಿಯ ಬೆಂಕಿ ಇಂಥ ತೋಡಾಟದಿಂದ ಹಬ್ಬುತ್ತಲೇ ಹೋಯಿತು, ಇವತ್ತಿಗೂ ಉರಿಯುತ್ತಿದೆ. 1958ರಲ್ಲಿ ಚಿನಾಕುರಿಯಲ್ಲಿ 170ಕ್ಕೂ ಹೆಚ್ಚು ಜನ, 1965ರ ಮೇ 28ರಂದು ಧೋರಿಯಲ್ಲಿ 268 ಜನ ಸ್ಫೋಟಗಳಲ್ಲಿ ಸತ್ತರು. 1967ರಲ್ಲಿ ಜಾರಿಗೆ ಬಂದ ವೇತನ ಮಂಡಳಿಯ ಶಿಫಾರಸುಗಳನ್ನು ಅನೇಕ ಮಾಲೀಕರು ಪಾಲಿಸಲಿಲ್ಲ. ಇವೆಲ್ಲದರ ಒತ್ತಡದಲ್ಲಿ, ಮೋಹನ ಕುಮಾರಮಂಗಲಂ ಉಕ್ಕು ಮತ್ತು ಗಣಿ ಸಚಿವರಾಗಿದ್ದಾಗ, ಸರ್ಕಾರ 1971ರ ಅಕ್ಟೋಬರ್‌ನಲ್ಲಿ ಕೋಕಿಂಗ್ ಕಲ್ಲಿದ್ದಲಿನ ಗಣಿಗಳ ಆಡಳಿತವನ್ನು ವಹಿಸಿಕೊಂಡು 1972ರ ಮೇ 1ರಂದು ರಾಷ್ಟ್ರೀಕರಿಸಿತು. 1973ರ ಜನವರಿ ಕೊನೆಯಲ್ಲಿ ಉಳಿದ ಏಳುನೂರಕ್ಕೂ ಹೆಚ್ಚು ಗಣಿಗಳ ಆಡಳಿತ ಕೈಗೆ ಬಂತು, ಅವೂ ಆ ವರ್ಷದ ಮೇ 1ರಂದು ರಾಷ್ಟ್ರದ ಸ್ವತ್ತಾದವು. 1975ರ ನವೆಂಬರ್‌ನಲ್ಲಿ ಸರ್ಕಾರಿ ಕಲ್ಲಿದ್ದಲು ಕಂಪನಿ ಕೋಲ್ ಇಂಡಿಯಾ ಹುಟ್ಟಿತು. ರಾಷ್ಟ್ರೀಕರಣದ ದಿನಾಂಕಕ್ಕೆ ಮೇ ದಿನವನ್ನೇ ಆರಿಸಿದ್ದರಲ್ಲಿ ಆ ಕಾಲದ ಭಾವನೆ ಕಾಣುತ್ತದೆ.

ರಾಷ್ಟ್ರೀಕರಣದ ದಿನ ಪುಸ್ತಕದಲ್ಲಿದ್ದವನು ಮರುದಿನದಿಂದ ಸರ್ಕಾರಿ ಉದ್ಯಮದ ನೌಕರ. ಹಾಗಾಗಿ ಆ ತಿಂಗಳುಗಳಲ್ಲಿ ಝರಿಯಾ ಗಣಿಗಳಿರುವ ಧನಬಾದ್ ಪ್ರದೇಶದಲ್ಲಿ ಹಾಜರಿ ಪುಸ್ತಕಕ್ಕಿಂತ ಬೆಲೆಬಾಳುವ ವಸ್ತು ಬೇರೊಂದಿರಲಿಲ್ಲ. ವರ್ಷಗಟ್ಟಲೆ ಇದ್ದಲು ಕಡಿದವರ ಹೆಸರುಗಳು ಬಿಟ್ಟುಹೋದವು, ಗುತ್ತಿಗೆದಾರರ ಮತ್ತು ಬಲಾಢ್ಯರ ಕಡೆಯವರ ಹೆಸರುಗಳು ಸೇರಿಕೊಂಡವು. ಹೊರಬಿದ್ದವರಲ್ಲಿ ಹೆಚ್ಚಿನವರು ಸ್ಥಳೀಯ ಆದಿವಾಸಿಗಳು, ದಲಿತರು, ಹೆಂಗಸರು. ಧನಬಾದ್ ಪ್ರದೇಶದ ಸಂಘಗಳ ಬಗ್ಗೆ ಕಹಿಯಾದ ಮಾತನ್ನು ಇಲ್ಲಿ ಹೇಳಲೇಬೇಕು. ಹಿಂದೆ ಸರ್ದಾರನೂ ಸಾಹುಕಾರನೂ ಲಠೈತನೂ (ದೊಣ್ಣೆ ಹಿಡಿದ ಬಾಡಿಗೆ ಬಂಟನೂ) ಆಗಿದ್ದವರು ಈಗ ಸಂಘದ ಪದಾಧಿಕಾರಿಗಳೂ ಆದರು. ಆಳು ಪೂರೈಕೆ, ಬಡ್ಡಿ ವಸೂಲಿ, ಲಾರಿ ಲೋಡಿಂಗಿನ ಗುತ್ತಿಗೆ, ಸಂಘದ ಚಂದಾ, ಇವು ಕೆಲವರ ಒಂದೇ ಕೈಯಲ್ಲಿ ಸೇರಿದವು. ‘ಕೋಲ್ ಮಾಫಿಯಾ’ ಎಂಬ ಮಾತು ಹುಟ್ಟಿದ್ದು ಹೀಗೆ. ಕಾರ್ಮಿಕನನ್ನು ಕಾಯಬೇಕಾದ ಸಂಸ್ಥೆಯೇ ಅವನ ಕೂಲಿಯಲ್ಲಿ ಪಾಲು ಕೇಳಿದ್ದಕ್ಕಿಂತ ದೊಡ್ಡ ದ್ರೋಹ ಈ ಚರಿತ್ರೆಯಲ್ಲಿ ಇಲ್ಲ.

ಅದಕ್ಕೆ ಎದುರು ನಿಂತವರಲ್ಲಿ ಎ.ಕೆ. ರಾಯ್ ಅವರ ಹೆಸರು ಮೊದಲು ಬರುತ್ತದೆ. ಸಿಂದ್ರಿಯ ರಸಗೊಬ್ಬರ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಅವರು ಕೆಲಸ ಬಿಟ್ಟು ಕಾರ್ಮಿಕರ ನಡುವೆ ಬಂದು, ಬಿಹಾರ್ ಕೋಲಿಯರಿ ಕಾಮಗಾರ್ ಯೂನಿಯನ್ ಕಟ್ಟಿದರು. ಗಣಿಯ ಕಾರ್ಮಿಕನೂ ಗಣಿಗೆ ಜಮೀನು ಕಳೆದುಕೊಂಡ ಆದಿವಾಸಿಯೂ ಒಂದೇ ಹೋರಾಟದವರು ಎಂದು ವಾದಿಸಿದ ಅವರು ಬಿನೋದ್ ಬಿಹಾರಿ ಮಹತೋ, ಶಿಬು ಸೊರೇನ್ ಜೊತೆ ಸೇರಿ ಜಾರ್ಖಂಡ್ ಮುಕ್ತಿ ಮೋರ್ಚಾದ ಸ್ಥಾಪನೆಯಲ್ಲೂ ಪಾಲುಗೊಂಡರು. ತುರ್ತುಪರಿಸ್ಥಿತಿಯಲ್ಲಿ ಸೆರೆಯಲ್ಲಿದ್ದೇ 1977ರ ಚುನಾವಣೆಯಲ್ಲಿ ಧನಬಾದಿನಿಂದ ಲೋಕಸಭೆಗೆ ಗೆದ್ದರು; 1980 ಮತ್ತು 1989ರಲ್ಲಿ ಮತ್ತೆ ಗೆದ್ದರು. ಸಂಸದರ ಪಿಂಚಣಿಯನ್ನು ವಿರೋಧಿಸಿದರು, ತಾವೂ ತೆಗೆದುಕೊಳ್ಳಲಿಲ್ಲ. 2019ರ ಜುಲೈನಲ್ಲಿ ತೀರಿಕೊಳ್ಳುವವರೆಗೂ ಅವರ ಬದುಕು ಕಾರ್ಮಿಕರ ಬದುಕಿಗಿಂತ ಬೇರೆಯಾಗಿರಲಿಲ್ಲ.

ಸರ್ಕಾರದ ಒಡೆತನ ಬಂದ ಮಾತ್ರಕ್ಕೆ ಸುರಕ್ಷತೆ ಬರಲಿಲ್ಲ. 1975ರ ಡಿಸೆಂಬರ್ 27ರ ಮಧ್ಯಾಹ್ನ ಧನಬಾದ್ ಸಮೀಪದ ಚಾಸ್‌ನಾಲಾ ಗಣಿಯಲ್ಲಿ, ಮೇಲಿದ್ದ ಹಳೆಯ ಪಾಳು ಗಣಿಯಲ್ಲಿ ನಿಂತಿದ್ದ ನೀರು ನಡುವಿನ ಇದ್ದಲಿನ ಗೋಡೆಯನ್ನು ಒಡೆದುಕೊಂಡು ಕೆಳಗೆ ನುಗ್ಗಿತು. ಒಳಗಿದ್ದ 370ಕ್ಕೂ ಹೆಚ್ಚು ಜನರಲ್ಲಿ ಒಬ್ಬರೂ ಬದುಕಿ ಬರಲಿಲ್ಲ. ಆ ಗಣಿ ಉಕ್ಕಿನ ಕಂಪನಿಯೊಂದಕ್ಕೆ ಸೇರಿದ್ದು, ಆ ಕಂಪನಿಯ ಆಡಳಿತ ಅಷ್ಟರಲ್ಲಿ ಸರ್ಕಾರದ ಕೈಯಲ್ಲೇ ಇತ್ತು. 2001ರ ಫೆಬ್ರವರಿಯಲ್ಲಿ ಬಾಗ್‌ಡಿಗಿಯಲ್ಲಿ ಪಕ್ಕದ ಪಾಳು ಗಣಿಯ ನೀರು ಇದೇ ರೀತಿ ನುಗ್ಗಿ 29 ಜನ ಸತ್ತರು. ಕಾಲು ಶತಮಾನದ ಅಂತರದಲ್ಲಿ ಕಾರಣ ಅದೇ, ಹಳೆಯ ತೋಡಿನ ನಕ್ಷೆಗೂ ನೆಲದಡಿಯ ನಿಜಕ್ಕೂ ಇದ್ದ ಅಂತರ.

ಸುರಕ್ಷತೆಯಲ್ಲಿ ಕಾರ್ಮಿಕನ ಸ್ವಂತ ಅನುಭವಕ್ಕೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಒಂದು ಚಿಕ್ಕ ಉದಾಹರಣೆ ಸಾಕು. ಪಾಳಿಯ ಆರಂಭದಲ್ಲಿ ‘ಮೈನಿಂಗ್ ಸರ್ದಾರ್’ ಕೋಲಿನ ತುದಿಯಿಂದ ಸೂರನ್ನು ತಟ್ಟುತ್ತಾ ಹೋಗುತ್ತಾನೆ. ಗಟ್ಟಿ ಬಂಡೆ ಗಂಟೆಯಂತೆ ಖಣಿಲ್ ಎನ್ನುತ್ತದೆ. ಒಳಗೆ ಸೀಳು ಬಿಟ್ಟ ಬಂಡೆ ಡೋಲಿನಂತೆ ಟೊಳ್ಳಾಗಿ ಮೊಳಗುತ್ತದೆ. ಆ ಮೊಳಗು ಕೇಳಿದ ಕಡೆ ಆಸರೆ ಕೊಡದೆ ಯಾರನ್ನೂ ಬಿಡಬಾರದು. ಸರ್ದಾರ ಎಂಬ ಹಳೆಯ ಹೆಸರು ಕಾನೂನಿನಲ್ಲಿ ಈಗ ಉಳಿದಿರುವುದು ಹೀಗೆ, ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಪಡೆದ ಸುರಕ್ಷತೆಯ ಹೊಣೆಗಾರನಾಗಿ. ಟೊಳ್ಳು ಸದ್ದು ಕೇಳಿತು, ಇವತ್ತು ಇಲ್ಲಿ ಕೆಲಸ ನಡೆಯುವುದಿಲ್ಲ ಎಂದು ಅವನು ಹೇಳಿದಾಗ, ಉತ್ಪಾದನೆಯ ಗುರಿ ಹಿಡಿದು ನಿಂತ ಮೇಲಧಿಕಾರಿಯ ಎದುರು ಅವನ ಮಾತು ನಿಲ್ಲಬೇಕಾದರೆ ಹಿಂದೆ ಸಂಘ ಇರಬೇಕು. ಗಣಿಯ ಸುರಕ್ಷಾ ಸಮಿತಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳಿಗೆ ಸ್ಥಾನ, ಕಾರ್ಮಿಕರ ಪರವಾಗಿ ಗಣಿಯನ್ನು ತಪಾಸಣೆ ಮಾಡುವ ‘ವರ್ಕ್‌ಮೆನ್ಸ್ ಇನ್‌ಸ್ಪೆಕ್ಟರ್’ ಹುದ್ದೆ, ಇವೆಲ್ಲ ಅಂಥ ಬಲದಿಂದ ಬಂದವು. 1989ರ ನವೆಂಬರ್‌ನಲ್ಲಿ ರಾಣಿಗಂಜಿನ ಮಹಾಬೀರ್ ಗಣಿಗೆ ನೀರು ನುಗ್ಗಿದಾಗ ಆರು ಜನ ಸತ್ತರು. ಸಿಕ್ಕಿಕೊಂಡಿದ್ದ ಉಳಿದ 65 ಜನರನ್ನು ಕಾಪಾಡಲು ಮೇಲಿನಿಂದ ಒಂದು ರಂಧ್ರ ಕೊರೆದು, ಒಬ್ಬನೇ ನಿಲ್ಲಬಹುದಾದ ಉಕ್ಕಿನ ಗೂಡೊಂದನ್ನು ಇಳಿಬಿಟ್ಟರು. ಎಂಜಿನಿಯರ್ ಜಸ್ವಂತ್ ಸಿಂಗ್ ಗಿಲ್ ತಾವೇ ಅದರಲ್ಲಿ ಕೆಳಗಿಳಿದು, ಒಬ್ಬೊಬ್ಬರನ್ನಾಗಿ 65 ಜನರನ್ನೂ ಮೇಲೆ ಕಳಿಸಿದರು.

ಇನ್ನು ಕೂಲಿಯ ಮಾತು. ಗಣಿಗೊಂದು ದರವಿದ್ದ ಕಾಲ ಹೋಗಿ, ಇಡೀ ದೇಶದ ಕಲ್ಲಿದ್ದಲು ಕಾರ್ಮಿಕರಿಗೆ ಒಂದೇ ವೇತನ ಒಪ್ಪಂದ ಬಂದದ್ದು 1975ರ ಜನವರಿ 1ರಿಂದ. ಐಎನ್‌ಟಿಯುಸಿ, ಎಐಟಿಯುಸಿ, ಸಿಐಟಿಯು, ಎಚ್‌ಎಂಎಸ್, ಬಿಎಂಎಸ್ ಮೊದಲಾದ ಕೇಂದ್ರ ಸಂಘಟನೆಗಳಿಗೆ ಸೇರಿದ ಗಣಿ ಸಂಘಗಳು ಜಂಟಿ ಸಮಿತಿಯಲ್ಲಿ ಕುಳಿತು ಆಡಳಿತದೊಡನೆ ಇದನ್ನು ಕಾಲಕಾಲಕ್ಕೆ ಕುದುರಿಸುತ್ತವೆ. 2021ರ ಜುಲೈ 1ರಿಂದ ಅನ್ವಯವಾಗುವ ಹನ್ನೊಂದನೆಯ ಒಪ್ಪಂದಕ್ಕೆ 2023ರ ಮೇ ತಿಂಗಳಲ್ಲಿ ಸಹಿ ಬಿತ್ತು, ಕನಿಷ್ಠ 19 ಶೇಕಡಾ ಏರಿಕೆಯೊಡನೆ. ಸಿಂಗರೇಣಿಗೂ ಅದೇ ಒಪ್ಪಂದ. ಟಬ್ಬಿನ ಲೆಕ್ಕಕ್ಕೆ ದುಡಿದವನ ಮೊಮ್ಮಗ ಇಂದು ತಿಂಗಳ ಸಂಬಳ, ವೈದ್ಯಕೀಯ ಸೌಲಭ್ಯ, ನಿವೃತ್ತಿ ವೇತನ ಪಡೆಯುತ್ತಿದ್ದಾನೆಂದರೆ ಅದು ಸಂಘಗಳು ಗಳಿಸಿಕೊಟ್ಟದ್ದು. ಅವುಗಳ ಎಲ್ಲ ದೋಷಗಳ ನಡುವೆಯೂ ಇದನ್ನು ಮರೆಯಲಾಗದು.

ಈ ಒಪ್ಪಂದಗಳಲ್ಲಿ ಸೇರಿದ ಒಂದು ಕಲಮು ಪುಸ್ತಕದ ಹೆಸರಿಗೆ ವಿಚಿತ್ರವಾದ ಬೆಲೆ ತಂದಿತು. ಕೆಲಸದಲ್ಲಿದ್ದಾಗ ಸತ್ತ, ಅಥವಾ ದೇಹಸ್ಥಿತಿಯಿಂದ ಅನರ್ಹನಾದ ಕಾರ್ಮಿಕನ ಅವಲಂಬಿತರೊಬ್ಬರಿಗೆ ಕೆಲಸ ಕೊಡಬೇಕೆಂಬುದು ಅದು. ಶ್ವಾಸಕೋಶದಲ್ಲಿ ದೂಳು ತುಂಬಿಕೊಂಡು ಅಕಾಲದಲ್ಲಿ ಮುದುಕರಾಗುವವರ ಕುಟುಂಬಗಳಿಗೆ ಇದು ಅನ್ನದ ಪ್ರಶ್ನೆಯೇ ಆಗಿತ್ತು. ಆದರೆ ಹೆಸರು ವಂಶಕ್ಕೆ ಸಲ್ಲುವ ಸ್ವತ್ತಾದೊಡನೆ, ಅದನ್ನು ಹೆಂಗಸರ ಕೈಯಿಂದ ಗಂಡಸರ ಕೈಗೆ ದಾಟಿಸುವ ಯೋಜನೆಗಳೂ ಬಂದವು. ಹೆಂಗಸು ಸ್ವಯಂನಿವೃತ್ತಿ ಪಡೆದರೆ ಮಗನಿಗೋ ಅಳಿಯನಿಗೋ ಕೆಲಸ ಎಂಬ ಏರ್ಪಾಟಿನಡಿ ಅಳಿದುಳಿದ ಕಾಮಿನ್‌ಗಳೂ ಪುಸ್ತಕದಿಂದ ಮರೆಯಾದರು. 1952ರ ಗಣಿ ಕಾಯಿದೆ ಮುಂದುವರಿಸಿದ್ದ ನಿಷೇಧವನ್ನು ಸಡಿಲಿಸಿ, ಹೆಂಗಸರು ಕೆಲವು ಷರತ್ತುಗಳೊಡನೆ ನೆಲದಡಿ ದುಡಿಯಬಹುದೆಂದು ಸರ್ಕಾರ ಹೇಳಿದ್ದು 2019ರಲ್ಲಿ.

ಗುತ್ತಿಗೆಯ ಏಣಿಯನ್ನು ಕಾನೂನಿನಿಂದ ಕಿತ್ತುಹಾಕುವ ಪ್ರಯತ್ನವೂ ಆ 1975ರಲ್ಲೇ ನಡೆಯಿತು. 1970ರ ಗುತ್ತಿಗೆ ಕಾರ್ಮಿಕ ಕಾಯಿದೆಯಡಿ ಕೇಂದ್ರ ಸರ್ಕಾರ ಫೆಬ್ರವರಿ 1ರಂದು ಹೊರಡಿಸಿದ ಅಧಿಸೂಚನೆ, ಕಲ್ಲಿದ್ದಲು ತೋಡುವುದು, ತುಂಬುವುದು ಇಳಿಸುವುದು, ಇದ್ದಲಿನ ಮೇಲಿನ ಮಣ್ಣು ಬಂಡೆ ತೆಗೆಯುವುದು ಮೊದಲಾದ ಕೆಲಸಗಳಿಗೆ ಗುತ್ತಿಗೆ ಕಾರ್ಮಿಕರನ್ನು ಹಚ್ಚುವಂತಿಲ್ಲ ಎಂದಿತು. ಕಾಗದದ ಮೇಲೆ ರೇಜಿಂಗ್ ಕಂಟ್ರಾಕ್ಟರನ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯದಿರಲು ಮುಖ್ಯ ಕಾರಣ ಗಣಿಯ ರೂಪವೇ ಬದಲಾದದ್ದು. ಆ ಕಾಲದಲ್ಲಿ ಹೆಚ್ಚಿನ ಇದ್ದಲು ನೆಲದಡಿಯಿಂದ ಬರುತ್ತಿತ್ತು. ಇಂದು 95 ಶೇಕಡಾಕ್ಕಿಂತ ಹೆಚ್ಚು ಬರುವುದು ತೆರೆದ ಗಣಿಗಳಿಂದ. ತೆರೆದ ಗಣಿಯಲ್ಲಿ ಮೊದಲು ಮೇಲಿನ ಮಣ್ಣು ಬಂಡೆಯನ್ನು ಯಂತ್ರಗಳಿಂದ ತೆಗೆದು ಗುಡ್ಡ ಹಾಕಬೇಕು, ಆಮೇಲೆ ಇದ್ದಲು. ದೊಡ್ಡ ಯಂತ್ರ ಮತ್ತು ಡಂಪರುಗಳ ಈ ಕೆಲಸದ ಬಹುಭಾಗ ಇಂದು ಖಾಸಗಿ ಗುತ್ತಿಗೆ ಕಂಪನಿಗಳ ಕೈಯಲ್ಲಿದೆ. ಆರಂಭದ ವರ್ಷ 7.9 ಕೋಟಿ ಟನ್ ತೆಗೆದ ಕೋಲ್ ಇಂಡಿಯಾ 2023–24ರಲ್ಲಿ 77.3 ಕೋಟಿ ಟನ್ ತೆಗೆಯಿತು. ಒಂದು ಕಾಲಕ್ಕೆ ಆರು ಲಕ್ಷ ದಾಟಿದ್ದ ಅದರ ಕಾಯಂ ನೌಕರರ ಸಂಖ್ಯೆ 2024ರ ಹೊತ್ತಿಗೆ ಸುಮಾರು 2.3 ಲಕ್ಷಕ್ಕೆ ಇಳಿದಿತ್ತು. ಯಂತ್ರಗಳು ಒಂದು ಪಾಲು ಕಾರಣ, ಪುಸ್ತಕದ ಹೊರಗಿನ ಕಾರ್ಮಿಕರು ಇನ್ನೊಂದು ಪಾಲು.

ಸಂಘಗಳ ಶಕ್ತಿ ಎಲ್ಲಿ ಉಳಿದಿದೆ, ಎಲ್ಲಿ ಸವೆದಿದೆ ಎಂಬುದು ಈ ಲೆಕ್ಕದಲ್ಲಿ ಕಾಣುತ್ತದೆ. 2020ರ ಜೂನ್‌ನಲ್ಲಿ ವಾಣಿಜ್ಯ ಗಣಿಗಾರಿಕೆಗೆ ಖಾಸಗಿಯವರಿಗೆ ಹರಾಜು ಆರಂಭವಾದಾಗ, ಎಲ್ಲ ಪಕ್ಷಗಳ ಸಂಘಗಳೂ ಒಟ್ಟಾಗಿ ಜುಲೈ 2ರಿಂದ 4ರವರೆಗೆ ಮೂರು ದಿನ ಮುಷ್ಕರ ಮಾಡಿದವು. ಬೇರೆ ಬೇರೆ ಬಾವುಟಗಳವರು ಒಂದೇ ದಿನ ಕೆಲಸ ನಿಲ್ಲಿಸುವುದು ಸಣ್ಣ ಸಾಧನೆಯಲ್ಲ. ಆದರೆ ಹರಾಜು ನಿಲ್ಲಲಿಲ್ಲ. ಸಿಂಗರೇಣಿಯ ದಾರಿ ಸ್ವಲ್ಪ ಬೇರೆ. 1990ರ ದಶಕದ ಆರಂಭದಲ್ಲಿ ಅಲ್ಲಿ ಹತ್ತಾರು ಸಂಘಗಳ ಪೈಪೋಟಿಯಿಂದ ವರ್ಷಕ್ಕೆ ನೂರಾರು ಸಣ್ಣ ಮುಷ್ಕರಗಳು ನಡೆಯುತ್ತಿದ್ದವು. 1998ರಲ್ಲಿ ಗುಪ್ತ ಮತದಾನದ ಮೂಲಕ ಮಾನ್ಯ ಸಂಘವನ್ನು ಕಾರ್ಮಿಕರೇ ಆರಿಸುವ ಪದ್ಧತಿ ಬಂತು, ಅದು ಇಂದಿಗೂ ನಡೆದಿದೆ. ಸಂಘ ಯಾರದು ಎಂಬ ಪ್ರಶ್ನೆಯನ್ನು ಬಾಹುಬಲದಿಂದಲೂ ಚಂದಾ ರಸೀದಿಗಳ ಎಣಿಕೆಯಿಂದಲೂ ಬಿಡಿಸಿ ಮತಪೆಟ್ಟಿಗೆಗೆ ಒಪ್ಪಿಸಿದ ಈ ಕ್ರಮ ದಾಮೋದರ ಕಣಿವೆಯಲ್ಲಿ ಐವತ್ತು ವರ್ಷ ಮೊದಲೇ ಬಂದಿದ್ದರೆ ಧನಬಾದಿನ ಕಥೆ ಬೇರೆಯಾಗುತ್ತಿತ್ತೆಂದು ನಾನು ನಂಬುತ್ತೇನೆ. ಆದರೆ ಅಲ್ಲಿಯೂ ಮತ ಹಾಕುವವರು ಪುಸ್ತಕದಲ್ಲಿರುವವರು ಮಾತ್ರ.

2016ರ ಡಿಸೆಂಬರ್ 29ರ ಸಂಜೆ ಜಾರ್ಖಂಡಿನ ಗೊಡ್ಡಾ ಜಿಲ್ಲೆಯ ಲಾಲ್‌ಮಟಿಯಾದಲ್ಲಿ, ರಾಜಮಹಲ್ ತೆರೆದ ಗಣಿಯ ಮಣ್ಣುಬಂಡೆಯ ದಿಬ್ಬವೊಂದು ಜಾರಿ, ಕೆಳಗಿದ್ದ ಯಂತ್ರಗಳನ್ನೂ ಜನರನ್ನೂ ಮುಚ್ಚಿತು. 23 ಜನ ಸತ್ತರು. ಅವರು ದುಡಿಯುತ್ತಿದ್ದದ್ದು ಗಣಿಯ ಒಡೆತನದ ಸಂಸ್ಥೆಗಲ್ಲ, ಮಣ್ಣು ತೆಗೆಯುವ ಗುತ್ತಿಗೆ ಹಿಡಿದ ಕಂಪನಿಗೆ. 1975ರ ಅಧಿಸೂಚನೆಯ ಪಟ್ಟಿಯಲ್ಲಿ ಹೆಸರಿಸಿದ್ದ ಕೆಲಸವೇ ಅದು. ಗುತ್ತಿಗೆ ಕಾರ್ಮಿಕರಿಗೆ ಸಂಘಗಳೂ ಆಡಳಿತವೂ ಸೇರಿ ನಿಗದಿಮಾಡಿದ ಹೆಚ್ಚಿನ ಕೂಲಿಯ ದರ ಈಗ ಇದೆ. ಅದು ಬ್ಯಾಂಕ್ ಖಾತೆಗೇ ಜಮೆಯಾಗಬೇಕು, ಪ್ರತಿಯೊಬ್ಬರಿಗೂ ಗಣಿ ಭವಿಷ್ಯನಿಧಿಯ ಸಂಖ್ಯೆ ಇರಬೇಕು ಎಂಬುದು ಇಂದು ಪ್ರತಿ ಮಾತುಕತೆಯಲ್ಲೂ ಸಂಘಗಳು ಮುಂದಿಡುವ ಬೇಡಿಕೆ. ಡಂಪರ್ ಓಡಿಸುವ ಹುಡುಗನೊಬ್ಬನನ್ನು ಸಂಘಕ್ಕೆ ಸೇರಿಸಿಕೊಳ್ಳಲು ಬಂದ ಕಾರ್ಯಕರ್ತ ಅವನಿಂದ ಮೊದಲು ಕೇಳಿ ನೋಡುವುದು ಗುರುತಿನ ಚೀಟಿಯನ್ನು, ಅದರ ಮೇಲೆ ಅಚ್ಚಾಗಿರುವುದು ಯಾವ ಕಂಪನಿಯ ಹೆಸರು ಎಂಬುದನ್ನು.